ದಾರಿಗೊಂದು ಹೂಂ

ನನ್ನ ಇಸ್ತ್ರಿ ಅಂಗಡಿಯಿಂದ ಬಸ್ ಸ್ಟ್ಯಾಂಡಿಗೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾವು ಮೊದಲು ವಿಚಾರಿಸುವುದು, ಜೊತೆಗೆ ಯಾರು ಬರುತ್ತಿದ್ದಾರೆ ಎಂದು. ಬಾಯಿತುಂಬ ಮಾತಾಡುವವರು ಜೊತೆಗಿದ್ದರೆ ನಾಲ್ಕು ಮನೆ ದಾಟುವಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸುತ್ತದೆ. ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡು ಉಗುಳುವುದಕ್ಕೂ ಬೇಜಾರು ಪಡುವ ನನ್ನ ಗಂಡನಂಥವರ ಜೊತೆ ಹೊರಟರೆ ಬೆಳಗಿನ ಬಸ್ಸು ತಪ್ಪಿ ಮಧ್ಯಾಹ್ನದ್ದು ಸಿಗುತ್ತದೆ. ನಮ್ಮೂರಿನ ದಾರಿಗಳೇ ಹಾಗೆ. ಇಬ್ಬರು ಮಾತಾಡಿಕೊಂಡು ನಡೆದರೆ ಮುದುಡುತ್ತವೆ, ಸುಮ್ಮನೆ ನಡೆದರೆ ಕಾಲು ಚಾಚಿಕೊಂಡು ಮಲಗಿಬಿಡುತ್ತವೆ. ಒಬ್ಬರೇ ಗೊಣಗಿಕೊಂಡು ಹೋದರೆ ಅದು ಮಾತಿಗೆ ಸೇರುವುದಿಲ್ಲ. ಜಗಳ ಸೇರುತ್ತದೆ. ಅದಕ್ಕೇ ನಮ್ಮಲ್ಲಿ ಅಂಚೆಯವರು ಜೋಡಿಯಾಗಿ ಬರುತ್ತಾರೆ, ಆಂಬುಲೆನ್ಸಿನಲ್ಲಿ ಡ್ರೈವರ್ ಪಕ್ಕ ಒಬ್ಬ ಮಾತುಗಾರನನ್ನು ಕೂರಿಸುತ್ತಾರೆ. ಹೊಸದಾಗಿ ಮದುವೆಯಾದವರನ್ನು, ಅವರ ನಾಚಿಕೆ ಬಿಡುವ ತನಕ, ದೂರದ ನೆಂಟರು ಊಟಕ್ಕೆ ಕರೆಯುವುದಿಲ್ಲ.

ಇಂಥ ಊರಿನಲ್ಲಿ ಬಾಯಿಬಡುಕಿ ಎಂದರೆ ಬೈಗುಳವಲ್ಲ, ಬಿರುದು. ಆ ಬಿರುದು ನನ್ನದು. ರೇಷನ್ ಕಾರ್ಡಿನಲ್ಲಿ ಓಬಳಮ್ಮ, ಊರಿಗೆಲ್ಲ ಓಬಕ್ಕ. ಮೂರು ದಾರಿ ಕೂಡುವಲ್ಲಿ ನನ್ನ ಅಂಗಡಿ. ಹೆರಿಗೆ ನೋವು ಬಂದ ಹೆಂಗಸನ್ನು ಮಾತಾಡಿಸುತ್ತ ಮಾತಾಡಿಸುತ್ತ ಆಸ್ಪತ್ರೆಯನ್ನೇ ಬೀದಿ ತುದಿಗೆ ತಂದವಳು ನಾನು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ.

ಹೊನ್ನೂರಮ್ಮ ನನ್ನ ಜೊತೆಯವಳು. ಇಬ್ಬರೂ ಒಂದೇ ಸ್ಕೂಲು, ಒಂದೇ ಮಣೆ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ಅವಳ ಕಣ್ಣು ಹೋಯಿತು. ಅಂದಿನಿಂದ ನಲವತ್ತು ವರ್ಷದ ಮೇಲಾಯಿತು, ಹೊರಗೆ ಹೊರಟರೆ ಅವಳ ಎಡಗೈ ನನ್ನ ಬಲಗೈಯಲ್ಲಿ. ಕುರ್ಚಿಗೆ ಬೆತ್ತ ಹೆಣೆಯುವುದು ಅವಳ ಕೆಲಸ. ಕೋರ್ಟಿನಲ್ಲಿ ಜಡ್ಜು ಕೂರುವ ಕುರ್ಚಿಯಿಂದ ಹಿಡಿದು ಕ್ಷೌರದಂಗಡಿಯ ಕುರ್ಚಿಯವರೆಗೆ ಈ ಊರಿನಲ್ಲಿ ಅವಳ ಕೈ ತಾಗದ ಕುರ್ಚಿಯಿಲ್ಲ. ಅವಳದೊಂದು ಗುಣ, ಸುಳ್ಳಿಗೆ ತಲೆಯಾಡಿಸುವವಳಲ್ಲ. ಸಾರು ಹೇಗಿದೆ ಎಂದು ನೆಂಟರು ಕೇಳಿದರೆ ಉಪ್ಪು ಜಾಸ್ತಿ ಎಂದು ಹೇಳಿಯೇ ಎರಡನೇ ಸಲ ಬಡಿಸಿಕೊಳ್ಳುತ್ತಾಳೆ. ಊರವರು ಅವಳನ್ನು ಓಬಕ್ಕನ ಹೊನ್ನಿ ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಹಿಗ್ಗು. ಅವಳಿಗೆ ಹೇಗಾಗುತ್ತದೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ನಮ್ಮೂರಿಗೆ ಡಬ್ಬಿ ಆಟದ ಹುಚ್ಚು. ಯಾರೋ ಒಬ್ಬರು ಒಂದು ಡಬ್ಬಿಯಲ್ಲಿ ನೋಟ್‌ಬುಕ್ಕು, ಪೆನ್ಸಿಲ್ಲು ಇಟ್ಟು ಗೋಡೆಯ ಪೊಟರೆಯಲ್ಲೋ ಮರದ ಬುಡದಲ್ಲೋ ಬಚ್ಚಿಡುತ್ತಾರೆ. ಹುಡುಕಿದವರು ಅದರಲ್ಲಿ ತಮ್ಮ ಹೆಸರು ಬರೆದು ಮತ್ತೆ ಅಲ್ಲೇ ಇಟ್ಟು ಬರಬೇಕು. ಯುಗಾದಿಯ ಮಾರನೇ ದಿನ ಪುರಸಭೆಯ ಮೆಟ್ಟಿಲ ಮೇಲೆ ನಿಂತು ಆ ಹೆಸರುಗಳನ್ನೆಲ್ಲ ಮೈಕಿನಲ್ಲಿ ಓದುತ್ತಾರೆ. ನಿಯಮ ಎರಡೇ. ಒಬ್ಬರೇ ಹೋಗಬೇಕು. ಒಂದು ಡಬ್ಬಿಗೆ ಒಬ್ಬರಿಗೆ ಒಂದೇ ಸಲ ಅವಕಾಶ. ಮಾತಿನ ಊರಿನಲ್ಲಿ ಒಬ್ಬರೇ ನಡೆಯುವುದೆಂದರೆ ಅದೇ ದೊಡ್ಡ ಸಾಹಸ, ಪಕ್ಕದ ಬೀದಿಯ ಡಬ್ಬಿಗೆ ಬುತ್ತಿ ಕಟ್ಟಿಕೊಂಡು ಹೋದವರಿದ್ದಾರೆ. ನನ್ನ ಅಂಗಡಿಯ ಪಕ್ಕದಲ್ಲಿ ಮೊಬೈಲ್ ರಿಪೇರಿ ಮಾಡುವ ಶಬೀನಾ ಇದಕ್ಕೆಂದೇ ಒಂದು ಆ್ಯಪ್ ಮಾಡಿದ್ದಳು. ಫೋನಿನ ಮೇಲೆ ಒಂದು ಬಾಣ ಡಬ್ಬಿಯ ಕಡೆ ತೋರಿಸುತ್ತದೆ, ಕೆಳಗೆ ಇನ್ನೆಷ್ಟು ಮೀಟರ್ ಎಂದು ಅಂಕಿ ಬರುತ್ತದೆ. ಆ ಅಂಕಿ ಏರುತ್ತ ಇಳಿಯುತ್ತ ಇರುತ್ತದೆ, ಅದಕ್ಕೆ ಶಬೀನಾ ಜವಾಬ್ದಾರಳಲ್ಲ.

ಒಂದು ಮಧ್ಯಾಹ್ನ ಹೊನ್ನಿ ನನ್ನ ಅಂಗಡಿಯ ಜಗಲಿಯ ಮೇಲೆ ಕುರ್ಚಿಯೊಂದನ್ನು ಬೋರಲು ಹಾಕಿಕೊಂಡು ಬೆತ್ತ ಬಿಗಿಯುತ್ತಿದ್ದಳು. ಇದ್ದಕ್ಕಿದ್ದಂತೆ, "ಓಬಿ, ನಮ್ಮ ಹಳೇ ಸ್ಕೂಲಿನ ಗೋಡೇಲಿ ಒಂದು ಡಬ್ಬಿ ಐತಂತಲ್ಲ. ಅದ್ರಾಗೆ ನನ್ನ ಹೆಸರು ಬರೀಬೇಕು ಕಣೆ" ಎಂದಳು. "ಅದಕ್ಕೇನಂತೆ, ನಾಳೇನೇ ಕರ್ಕಂಡು ಹೋಗ್ತೀನಿ ಬಾ" ಎಂದೆ. ಅವಳ ಕೈ ನಿಂತಿತು. "ನೀನು ಕರ್ಕಂಡು ಹೋದ್ರೆ ಅದು ನಿನ್ನ ಡಬ್ಬಿ. ನಾನು ಹೆಸರು ಬರೆಯಾದು ಕಲ್ತಿದ್ದೇ ಆ ಸ್ಕೂಲಾಗೆ. ಕಲ್ತ ಮೇಲೆ ಎಲ್ಲೂ ಬರೆದಿಲ್ಲ, ಬರೀ ಹೆಬ್ಬೆಟ್ಟು ಒತ್ತಿದ್ದೀನಿ. ಒಂದೇ ಒಂದು ಸಲ ನಾನೇ ಹೋಗಬೇಕು." ನನಗೆ ಸ್ವಲ್ಪ ಚುರುಕ್ ಎಂದಿತು, ಸುಳ್ಳು ಹೇಳುವುದಿಲ್ಲ. ನನ್ನ ಕೈಯಲ್ಲಿ ಏನು ಮುಳ್ಳಿತ್ತೇ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಪಕ್ಕದಂಗಡಿಯಿಂದ ಶಬೀನಾ ತಲೆ ಹೊರಗೆ ಹಾಕಿ, "ಹೊನ್ನಕ್ಕ, ಬಾಣ ಕಾಣ್ದೇ ಇದ್ರೆ ಏನಂತೆ, ಬಾಣಕ್ಕೇ ಬಾಯಿ ಕೊಟ್ಬಿಡೋಣ" ಎಂದಳು.

ಡಬ್ಬಿ ಆಟದ ನಿಯಮ ಕಾಯುವವರು ಗುರುಸಿದ್ದಪ್ಪನವರು. ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಈ ಊರಿನ ದಾರಿ ಅಳೆದೂ ಅಳೆದೂ ಮುಖ ಸಿಂಡರಿಸಿಕೊಂಡವರು. ಬಿಳಿ ಅಂಗಿ ಇಸ್ತ್ರಿಗೆ ಕೊಡಲು ಬಂದವರನ್ನೇ ನಿಲ್ಲಿಸಿಕೊಂಡು ಕೇಳಿದೆವು. ಅವರು ಬಹಳ ಹೊತ್ತು ಮೀಸೆ ತೀಡಿದರು. "ಬೇರೆಯೋರು ಫೋನ್ ನೋಡ್ಕಂಡು ಹೋಗ್ತಾರೆ, ಈಯಮ್ಮ ಕೇಳ್ಕಂಡು ಹೋಗ್ಲಿ. ಫೋನು ಮನುಷ್ಯ ಅಲ್ಲ. ಆದ್ರೆ ದಾರೀಲಿ ಯಾರಾನಾ ಕೈ ಹಿಡಿದ್ರೋ, ಆ ಡಬ್ಬೀಲಿ ಹೆಸರಿಲ್ಲ. ಇವತ್ತೂ ಇಲ್ಲ, ಇನ್ಯಾವತ್ತೂ ಇಲ್ಲ" ಎಂದು ನನ್ನ ಕಡೆಗೇ ನೋಡಿದರು.

ಶಬೀನಾ ಮೊದಲು ಎಲ್ಲಿಂದಲೋ ಒಂದು ತಯಾರಾದ ದನಿ ತಂದು ಹಾಕಿದಳು. ಪರೀಕ್ಷೆಗೆಂದು ಹೊನ್ನಿಯನ್ನು ಅಂಗಡಿಯಿಂದ ನೀರಿನ ತೊಟ್ಟಿಯವರೆಗೆ ನಡೆಸಿದೆವು, ನಾನು ಹತ್ತು ಹೆಜ್ಜೆ ಹಿಂದೆ, ತುಟಿ ಹೊಲಿದುಕೊಂಡವಳಂತೆ. "ಐವತ್ತು ಮೀಟರ್ ನಂತರ ಬಲಕ್ಕೆ ತಿರುಗಿ" ಎಂದಿತು ಫೋನು. ನಡೆದೆವು. ನೂರು ಮೀಟರ್ ನಡೆದರೂ ಬಲಕ್ಕೆ ತಿರುವೇ ಬರಲಿಲ್ಲ. ಕಣ್ಣಿಗೆ ಕಾಣುವ ತೊಟ್ಟಿ ಹಿಂದೆ ಹಿಂದೆ ಸರಿಯುತ್ತಿತ್ತು. "ಇವಳ್ಯಾರೇ ಓಬಿ, ರೇಡಿಯೋದಾಗೆ ವಾರ್ತೆ ಓದೋಳು?" ಎಂದು ಹೊನ್ನಿ ನಿಂತೇಬಿಟ್ಟಳು. ಬಿಸಿಲಿನಲ್ಲಿ ಇಬ್ಬರೂ ಬೆವರಿ ಹಿಂದಿರುಗಿದೆವು.

"ಊರಿನ ದಾರಿಗೆ ಊರಿನ ಬಾಯಿ ಬೇಕು ಕಣವ್ವ" ಎಂದು ಶಬೀನಾಳಿಗೆ ನಾನೇ ಹೇಳಿದೆ. ಯಾರ ಬಾಯಿ ಎಂದು ಹೇಳುವ ಅಗತ್ಯವಿರಲಿಲ್ಲ. ಮಾರನೇ ದಿನ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ಹೋದೆ. "ಓಬಕ್ಕ, ಇದು ಬರೀ ದನಿ, ಫೋಟೋ ಇಲ್ಲ" ಎಂದು ಅವಳು ನಕ್ಕಳು. ಇರಲಿ, ದನಿಗೂ ಮರ್ಯಾದೆ ಬೇಡವೇ. ಅವಳು ಬರೆದುಕೊಟ್ಟ ಹಾಳೆಯನ್ನು ಒಂದಕ್ಷರ ತಪ್ಪದೆ ಓದಿದೆ. "ಮೂವತ್ತು ಮೀಟರ್ ಚಲಿಸಿ. ಎಡಕ್ಕೆ ತಿರುಗಿ." ಆ ದನಿ ಇಟ್ಟುಕೊಂಡು ಹೊನ್ನಿ ನಡೆದಳು. ದಾರಿ ಒಂದು ಗೇಣೂ ಮುದುಡಲಿಲ್ಲ. ನನಗೆ ಆದ ಅವಮಾನವನ್ನು ಏನೆಂದು ಹೇಳಲಿ. ಇಡೀ ಊರನ್ನು ಹತ್ತಿರ ಮಾಡಿದ ಬಾಯಿ, ಬೇಕೆಂದಾಗ ಕೈಕೊಟ್ಟಿತ್ತು. ಆ ದಿನ ಸಂಜೆ ಬಂದ ಗಿರಾಕಿಗಳಿಗೆ ನಾನು ಬಟ್ಟೆ ಕೊಟ್ಟೆ, ಮಾತು ಕೊಡಲಿಲ್ಲ, ದಾರಿಯಲ್ಲಿ ಆಡಿಕೊಳ್ಳಲು ಸುದ್ದಿಯಿಲ್ಲದೆ ಅವರೆಲ್ಲ ಮನೆ ಸೇರುವಷ್ಟರಲ್ಲಿ ಸಾಕುಸಾಕಾಗಿರಬೇಕು.

ಕಾರಣ ಕಂಡುಹಿಡಿದವಳು ಹೊನ್ನಿ. "ನೀನು ಯಾವತ್ತಾನಾ ಹಿಂಗೆ ಮಾತಾಡಿದ್ದೀಯೇನೇ? ಚಲಿಸಿ ಅಂತೆ, ಚಲಿಸಿ! ಇದಕ್ಕೆ ನಾನು ಏನಂತ ಹೂಂ ಅನ್ಲಿ?" ಎಂದು ರೇಗಿದಳು. ರೇಗಿದವಳು ಆ ಕೊನೆಯ ಮಾತನ್ನೇ ಇನ್ನೊಮ್ಮೆ ಮೆಲ್ಲಗೆ ಅಂದುಕೊಂಡಳು. ಆಗ ನಮ್ಮ ಮೂವರಿಗೂ ತಿಳಿಯಿತು. ನಾನು ಮಾತಾಡಿದಾಗಲೆಲ್ಲ ಪಕ್ಕದಲ್ಲಿ ಯಾರಾದರೂ ಹೂಂ ಎನ್ನುತ್ತಿದ್ದರು. ಕತೆ ಹೇಳಿದರೆ ಹೂಂಗುಡುವವರು ಬೇಕೇ ಬೇಕು, ಹೂಂ ನಿಂತರೆ ಕತೆ ನಿಲ್ಲುತ್ತದೆ, ಅಷ್ಟು ಸಣ್ಣ ಮಕ್ಕಳಿಗೂ ಗೊತ್ತು. ಆದರೆ ದಾರಿ ಮುದುಡುತ್ತಿದ್ದುದು ನನ್ನ ಮಾತಿಗಲ್ಲ, ಆ ಹೂಂಗೆ ಎಂದು ಈ ಊರಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನನ್ನ ಬಿರುದಿನ ಅರ್ಧ ಬೇರೆಯವರದು ಎಂದಾಯಿತು. ಅರ್ಧವೇನು ಕಡಿಮೆಯೇ ಎಂದು ಸಮಾಧಾನ ಮಾಡಿಕೊಂಡೆ.

ಹಾಗಾದರೆ ಹೊನ್ನಿ ಹೂಂ ಎನ್ನುವಂಥ ಮಾತು ಬೇಕು. ಅವಳು ಹೂಂ ಎನ್ನುವುದು ನಿಜಕ್ಕೆ ಮಾತ್ರ. ಬಲಕ್ಕೆ ಹಸಿರು ಬಾಗಿಲಿದೆ ಎಂದರೆ ಅವಳಿಗೆ ಅದು ನಿಜವೋ ಸುಳ್ಳೋ. ಅವಳ ದಾರಿ ಯಾವುದು ಎಂದು ನಲವತ್ತು ವರ್ಷ ಕೈ ಹಿಡಿದು ನಡೆಸಿದ ನನಗೆ ಗೊತ್ತಿರಲಿಲ್ಲ. "ಕಣ್ಣು ಮುಚ್ಚು, ಕೈ ಕೊಡು" ಎಂದಳು ಹೊನ್ನಿ. ನಾಲ್ಕು ದಿನ, ಬೆಳಗ್ಗೆ ಅಂಗಡಿ ತೆರೆಯುವ ಮೊದಲು, ಅವಳೇ ನನ್ನ ಕೈ ಹಿಡಿದು ನಡೆಸಿದಳು. ತೊಟ್ಟಿಯ ನಲ್ಲಿ ತೊಟ್ಟಿಕ್ಕುವುದು, ಹಾಲಿನ ಡೈರಿಯಲ್ಲಿ ಕ್ಯಾನುಗಳು ತಾಗುವುದು, ಕಾಲಡಿಯಲ್ಲಿ ಚಪ್ಪಡಿ ಮುಗಿದು ಮಣ್ಣು ಸಿಗುವುದು, ಹಿಟ್ಟಿನ ಗಿರಣಿಯ ಬೆಲ್ಟು ಟಪಟಪ ಬಡಿಯುವುದು. ಎರಡು ಸಲ ಎಡವಿ ಬಿದ್ದೆ. ಬಿದ್ದಾಗ ಅವಳು ನಕ್ಕ ನಗು ನನಗೆ ಇನ್ನೂ ನೆನಪಿದೆ, ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ನಾನು ಕೇಳಿರಲೇ ಇಲ್ಲ.

ರೆಕಾರ್ಡಿಂಗು ನನ್ನ ಅಂಗಡಿಯಲ್ಲೇ ನಡೆಯಿತು. ಬೀದಿಯ ಸದ್ದು ಒಳಗೆ ಬಾರದಿರಲಿ ಎಂದು ಇಸ್ತ್ರಿಯಾದ ಬಟ್ಟೆಗಳ ರಾಶಿಯನ್ನು ನಾಲ್ಕೂ ಕಡೆ ಗೋಡೆಯಂತೆ ಪೇರಿಸಿ ನಡುವೆ ನನ್ನನ್ನು ಕೂರಿಸಿದರು. ಹಾಳೆಯಿಲ್ಲ, ರೇಷ್ಮೆ ಸೀರೆಯೂ ಇಲ್ಲ. "ಹೊನ್ನಿ, ನಲ್ಲಿ ತೊಟ್ಟಿಕ್ತಾ ಐತಾ? ಇನ್ನೂ ರಿಪೇರಿ ಮಾಡ್ಸಿಲ್ಲ ನೋಡು ಮಹಾರಾಯ್ರು. ಅದನ್ನ ಎಡಕ್ಕೆ ಬಿಟ್ಕಂಡು ಮುಂದಕ್ಕೆ ಬಾ." ಇಷ್ಟು ಹೇಳಿ ಫೋನು ಕಾಯಬೇಕು. ಹೊನ್ನಿ ಹೂಂ ಎಂದರೆ ಮಾತ್ರ ಮುಂದಿನ ಮಾತು. ಹಾಗೆ ಕಾಯುವುದನ್ನು ಫೋನಿಗೆ ಕಲಿಸಲು ಶಬೀನಾಳಿಗೆ ಎರಡು ವಾರ ಹಿಡಿಯಿತು, ಫೋನುಗಳಿಗೆ ಕಾಯುವ ಅಭ್ಯಾಸ ಇಲ್ಲವಂತೆ. ರೆಕಾರ್ಡಿಂಗಿನ ನಡುನಡುವೆ ಅವಳು ನನಗೆ ಹೀಗೆ ಮಾಡಿ ಹಾಗೆ ಮಾಡಿ ಎಂದು ಹೇಳುತ್ತಿದ್ದಾಗ ನಾನು ಹೂಂ, ಹೂಂ ಎಂದದ್ದೂ ಸೇರಿಕೊಂಡಿತ್ತು. "ಇದೆಲ್ಲ ಕಸ ಓಬಕ್ಕ, ತೆಗ್ದು ಹಾಕ್ತೀನಿ" ಎಂದಳು. "ತೆಗೀಬ್ಯಾಡ ಇರ್ಲಿ" ಎಂದಳು ಹೊನ್ನಿ. "ಓಬಿ ಹೂಂ ಅನ್ನೋದು ಅಪರೂಪ. ಯಾವತ್ತಾನಾ ಬೇಕಾಗ್ತೈತೆ." ಮೂವರೂ ನಕ್ಕೆವು.

ಹೊನ್ನಿ ಹೊರಟ ದಿನ ಅಂಗಡಿಯ ಮುಂದೆ ಸಣ್ಣ ಜಾತ್ರೆಯೇ ಸೇರಿತ್ತು. ಗುರುಸಿದ್ದಪ್ಪನವರೂ ಕುರ್ಚಿ ಹಾಕಿಸಿಕೊಂಡು ಕೂತರು. ಹೊನ್ನಿ ಕೋಲು ಹಿಡಿದು, ಕಿವಿಗೆ ವಯರು ಸಿಕ್ಕಿಸಿಕೊಂಡು, ನನ್ನ ಕೈಯನ್ನು ಒಮ್ಮೆ ಒತ್ತಿ ಬಿಟ್ಟಳು. ಪರೀಕ್ಷೆಯ ನಡಿಗೆ ಬಿಟ್ಟರೆ, ನಲವತ್ತು ವರ್ಷದಲ್ಲಿ ನಡುಬೀದಿಯಲ್ಲಿ ಅವಳು ನನ್ನ ಕೈ ಬಿಟ್ಟದ್ದು ಅದೇ ಮೊದಲು. ಅವಳೆಲ್ಲಿದ್ದಾಳೆ, ಡಬ್ಬಿಗೆ ಇನ್ನೆಷ್ಟು ದೂರ ಎನ್ನುವುದು ಶಬೀನಾಳ ಫೋನಿನಲ್ಲಿ ಕಾಣುತ್ತಿತ್ತು, ಮಾತು ಮಾತ್ರ ನಮಗೆ ಕೇಳಿಸುತ್ತಿರಲಿಲ್ಲ. ಸುಮ್ಮನೆ ನಿಂತಿರಲಾರದೆ ನಾನು ಗುರುಸಿದ್ದಪ್ಪನವರ ಬಿಳಿ ಅಂಗಿ ತೆಗೆದುಕೊಂಡು ಇಸ್ತ್ರಿ ಮಾಡತೊಡಗಿದೆ. "ಮುನ್ನೂರು" ಎಂದಳು ಶಬೀನಾ. "ಇನ್ನೂರು. ನೂರಿಪ್ಪತ್ತು." ದಾರಿ ಮುದುಡುತ್ತಿತ್ತು! ಹೊನ್ನಿ ಹೂಂ ಎನ್ನುತ್ತಿದ್ದಾಳೆ, ನನ್ನ ಮಾತಿಗೆ, ನಾನಿಲ್ಲದೆಯೇ. ಸುತ್ತಲಿದ್ದವರೆಲ್ಲ ನನ್ನ ಬೆನ್ನು ತಟ್ಟಿದರು. "ಅರವತ್ತು" ಎಂದಳು ಶಬೀನಾ. ಆಮೇಲೆ ಅವಳ ಮುಖ ಕಪ್ಪಿಟ್ಟಿತು. "ಎಪ್ಪತ್ತೈದು. ನೂರು. ನೂರಾ ಅರವತ್ತು, ಓಬಕ್ಕ."

ಆಗಲೇ ಗಿರಣಿಯ ಕಡೆಯಿಂದ ರಾಗಿ ಚೀಲವನ್ನು ಹಾಗೇ ಹೊತ್ತು ವಾಪಸು ಬರುತ್ತಿದ್ದ ಹೆಂಗಸೊಬ್ಬಳು, "ಬೆಲ್ಟು ಕಿತ್ತೋಗೈತೆ, ಇವತ್ತು ಗಿರಣಿ ಇಲ್ಲ" ಎಂದಳು. ಅಲ್ಲಿ ನನ್ನ ದನಿ ಕೇಳುವ ಪ್ರಶ್ನೆ, "ಗಿರಣಿ ಬೆಲ್ಟಿನ ಸದ್ದು ಕೇಳ್ತಾ ಐತಾ ಹೊನ್ನಿ?" ಎಂದು. ಅವಳು ಹೂಂ ಎನ್ನುವವಳಲ್ಲ. ಬೇರೆ ಯಾರೇ ಆಗಿದ್ದರೂ ಒಂದು ಸುಳ್ಳು ಹೂಂ ಹಾಕಿ ಮುಂದೆ ಹೋಗುತ್ತಿದ್ದರು. ಇವಳು ಹೂಂ ಎನ್ನದೆ ಫೋನು ಮುಂದಿನ ಮಾತು ಹೇಳುವುದಿಲ್ಲ, ಮಾತು ನಿಂತರೆ ದಾರಿ ಚಾಚಿಕೊಳ್ಳುತ್ತಲೇ ಹೋಗುತ್ತದೆ. "ಇನ್ನೂರಾ ಹತ್ತು" ಎಂದಳು ಶಬೀನಾ. ನಾನು ಬಾಗಿಲಿಗೆ ಬಂದಿದ್ದೆ. ಶಬೀನಾಳನ್ನು ಮಾತಾಡಿಸುತ್ತ ಓಡಿಹೋಗಿ ಕೈ ಹಿಡಿದರೆ ಎರಡು ನಿಮಿಷದ ಕೆಲಸ. ಗುರುಸಿದ್ದಪ್ಪನವರು ಕುರ್ಚಿಯ ತುದಿಗೆ ಬಂದು ಕೂತರು. ಹೊಸ್ತಿಲ ಮೇಲೆ ನಿಂತು ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಹೋದರೆ ಅವಳು ಸುರಕ್ಷಿತವಾಗಿ ಮನೆಗೆ ಬರುತ್ತಾಳೆ, ಮತ್ತೆ ಓಬಕ್ಕನ ಹೊನ್ನಿಯಾಗಿ ಬರುತ್ತಾಳೆ. ನನ್ನ ಬದುಕಿನಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ, ಆ ಹೊಸ್ತಿಲಿನಲ್ಲಿ ಬಾಯಿ ಮುಚ್ಚಿ ನಿಂತದ್ದು. ಹಿಂದಿನಿಂದ ಸುಟ್ಟ ವಾಸನೆ ಬಂತು. ಬಿಳಿ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಕೂತಿತ್ತು. ಗುರುಸಿದ್ದಪ್ಪನವರು ತಿರುಗಿಯೂ ನೋಡಲಿಲ್ಲ.

"ಓಬಕ್ಕ! ನೂರೈವತ್ತು! ಎಂಬತ್ತು! ಅಯ್ಯೋ, ಓಡ್ತಾ ಐತೆ ನೋಡಿ!" ಶಬೀನಾ ಕುಣಿಯುತ್ತಿದ್ದಳು. "ಮೂವತ್ತು. ಹನ್ನೆರಡು. ಐದು." ಅಂಕಿ ಸೊನ್ನೆಯಾಯಿತು. ಸೊನ್ನೆಯಾಗಿ ಬಹಳ ಹೊತ್ತು ಹಾಗೆಯೇ ಇತ್ತು.

ಹೊನ್ನಿ ಫೋನಿನ ಜೊತೆ ಮಾತಾಡಿಕೊಂಡೇ ಹಿಂದಿರುಗಿ ಬಂದು, ನೀರು ಕುಡಿದು, ಆಮೇಲೆ ಹೇಳಿದಳು. "ಮೂರು ಸಲ ಕೇಳ್ತು ಕಣೆ ನಿನ್ನ ದನಿ, ಬೆಲ್ಟಿನ ಸದ್ದು ಕೇಳ್ತಾ ಐತಾ ಅಂತ. ಇಲ್ಲದಿರಾದಕ್ಕೆ ಹೆಂಗೆ ಹೂಂ ಅನ್ಲಿ? ಸಿಟ್ಟು ಬಂತು. ಇಲ್ಲ ಕಣೆ ಓಬಿ, ಗಿರಣಿ ನಿಂತೈತೆ, ಆದ್ರೆ ಹಿಟ್ಟಿನ ವಾಸ್ನೆ ಬಲಗಡೆಯಿಂದ ಬರ್ತೈತೆ ಅಂದೆ. ಆಮೇಲೆ ನೀನು ಹೂಂ ಅಂದೆ." ಶಬೀನಾ ನಾಲಿಗೆ ಕಚ್ಚಿಕೊಂಡಳು. ಹೊನ್ನಕ್ಕ ಹೂಂ ಬಿಟ್ಟು ಬೇರೆ ಮಾತಾಡಿದರೆ ಫೋನು ಏನು ಹೇಳಬೇಕು ಎಂದು ತೋಚದೆ, ಆ ಕಸದ ಹೂಂಗಳನ್ನು ಅಲ್ಲಿ ಹಾಕಿಟ್ಟಿದ್ದಳಂತೆ. "ಇನ್ನೇನು ಬೇಕು?" ಎಂದಳು ಹೊನ್ನಿ. "ನಾನೇ ಹೇಳ್ತಾ ಹೋದೆ. ಇಲ್ಲೇ ಅಲ್ವೇನೇ ನಾವು ಸ್ಲೇಟು ತೊಳೀತಿದ್ದ ಸ್ಕೂಲಿನ ತೊಟ್ಟಿ ಅಂದೆ, ನೀನು ಹೂಂ ಅಂದೆ. ಇಲ್ಲೇ ಇಳಿಜಾರು, ಮಳೆಗಾಲದಾಗೆ ಕೂತ್ಕಂಡು ಜಾರ್ತಿದ್ವಿ ಅಂದೆ, ನೀನು ಹೂಂ ಅಂದೆ. ನೀನು ಇಷ್ಟು ಹೊತ್ತು ನನ್ನ ಮಾತು ಕೇಳಿದ್ದು ಹುಟ್ಟಿದಾಗ್ಲಿಂದ ಇದೇ ಮೊದ್ಲು. ಆಮೇಲೆ ಗೋಡೇಗೇ ಮೂತಿ ತಾಗ್ತು." ಜನ ಹೋ ಎಂದು ನಕ್ಕರು. ಗುರುಸಿದ್ದಪ್ಪನವರು ಎದ್ದು ನಿಂತು, ಸುಟ್ಟ ಅಂಗಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, "ಹೊನ್ನೂರಮ್ಮ ಅಂತ ಪೂರ್ತಿ ಬರೆದ್ಯೇನವ್ವ?" ಎಂದು ಕೇಳಿದರು. ಬರೆದೆ ಎಂದಳು.

ನನಗೆ ನೋಡದೆ ತಡೆಯಲಿಲ್ಲ. ವಾರ ಕಳೆದ ಮೇಲೆ ಒಂದು ದಿನ ಅಂಗಡಿಗೆ ರಜೆ ಹಾಕಿ, ನಿಯಮದಂತೆ ಒಬ್ಬಳೇ ಹೊರಟೆ. ಕಿವಿಯಲ್ಲಿ ನನ್ನದೇ ದನಿ ಹಾಕಿಕೊಂಡು ನನಗೆ ನಾನೇ ಹೂಂ ಎನ್ನುತ್ತ ನಡೆದೆ. ದಾರಿ ಮೋಸ ಹೋಗಲಿಲ್ಲ. ಇದ್ದಷ್ಟೂ ಉದ್ದವನ್ನು ನನ್ನಿಂದ ನಡೆಸಿತು, ಬೆಳಗ್ಗೆ ಹೊರಟವಳು ಆ ಗೋಡೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಡಬ್ಬಿ ತೆಗೆದು ನೋಟ್‌ಬುಕ್ಕು ಬಿಡಿಸಿದೆ. ಒಂದಿಡೀ ಪುಟ ತುಂಬ, ಗೆರೆಗಳನ್ನೆಲ್ಲ ದಾಟಿಕೊಂಡು, ನಾಲ್ಕನೇ ಕ್ಲಾಸಿನ ದಪ್ಪ ಅಕ್ಷರ. ಹೊನ್ನೂರ ಎನ್ನುವಷ್ಟರಲ್ಲಿ ಜಾಗ ಮುಗಿದು ಮ್ಮ ಪಕ್ಕದ ಪುಟಕ್ಕೆ ಬಿದ್ದಿತ್ತು. ಮುಚ್ಚಿಡುವುದೇಕೆ, ನಾನು ಮೊದಲು ಹುಡುಕಿದ್ದು ನನ್ನ ಹೆಸರನ್ನು. ಮೂಲೆಯಲ್ಲಾದರೂ, ಸಣ್ಣದಾಗಿಯಾದರೂ ಓಬಿ ಎಂದು ಇರಬಹುದು ಎಂದು ಪುಟ ತಿರುವಿ ತಿರುವಿ ನೋಡಿದೆ. ಎಲ್ಲೂ ಇರಲಿಲ್ಲ. ಆಮೇಲೆ ಆ ಅಕ್ಷರಗಳ ಮೇಲೆ ಬೆರಳಾಡಿಸಿದೆ. ಪೆನ್ಸಿಲ್ಲನ್ನು ಎಷ್ಟು ಒತ್ತಿದ್ದಳೆಂದರೆ ಕಣ್ಣು ಮುಚ್ಚಿಕೊಂಡೂ ಓದಬಹುದಿತ್ತು. ಆಗ ನನಗಾದ ಹೆಮ್ಮೆ, ಯಾವ ಬಸುರಿಯನ್ನು ಆಸ್ಪತ್ರೆ ಮುಟ್ಟಿಸಿದಾಗಲೂ ಆಗಿರಲಿಲ್ಲ. ಅವಳು ಒಬ್ಬಳೇ ಬಂದಿದ್ದಳು. ನಾನು ನನ್ನ ಹೆಸರು ಬರೆಯದೆ ಡಬ್ಬಿ ಮುಚ್ಚಿದೆ.

ಯುಗಾದಿಯ ಮಾರನೇ ದಿನ ಪುರಸಭೆಯ ಮೈಕಿನಲ್ಲಿ ಆ ಹೆಸರನ್ನು ಓದಿದರು, ಓಬಕ್ಕನ ಹೊನ್ನಿ ಎಂದಲ್ಲ, ಹೊನ್ನೂರಮ್ಮ ಎಂದು. ಮನೆಗೆ ಬರುವಾಗ ಅವಳು ಉದ್ದಕ್ಕೂ ಮಾತಾಡುತ್ತಿದ್ದಳು. ಮುಂದೆ ಯಾವ ಡಬ್ಬಿ, ಯಾವ ದಾರಿಯಲ್ಲಿ ಏನು ಸದ್ದು, ಫೋನಿನಲ್ಲಿ ನನ್ನ ಯಾವ ಮಾತು ಬದಲಾಗಬೇಕು, ಒಂದೇ ಎರಡೇ. ನಡುವೆ ನಿಂತು, "ಓಬಿ, ಕೇಳ್ತಾ ಇದ್ದೀಯೇನೇ?" ಎಂದಳು.

ಮನೆ ಎದುರಿಗೇ ಬಂದುಬಿಟ್ಟಿತ್ತು. "ಹೂಂ" ಎಂದೆ.